ಶಕ್ತಿಗೆ ಅಂತ ತಗೊಂಡಿದ್ದು

ನನಗೆ ಥೈರಾಯ್ಡ್ ಇದೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಗಂಡಸ್ರಿಗೂ ಬರುತ್ತಾ ಅದು?" ಬರುತ್ತದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಎರಡನೆಯದು ಬರುತ್ತದೆ. ಅದು ಪ್ರಶ್ನೆಯಲ್ಲ, ಸಲಹೆ. ನನ್ನ ಗೋಳೆಲ್ಲ ಶುರುವಾದದ್ದು ಆ ಎರಡನೆಯದರಿಂದ. ಕಾಯಿಲೆಯೇನೋ ದಿನಕ್ಕೊಂದು ಪುಟ್ಟ ಮಾತ್ರೆ ಈಸಿಕೊಂಡು ತನ್ನ ಪಾಡಿಗೆ ತಾನು ಇದ್ದುಬಿಡುತ್ತಿತ್ತು. ಅದನ್ನು ಇರಗೊಡದವರು ನನ್ನ ಮೇಲೆ ಪ್ರೀತಿ ಇದ್ದವರು. ಅವರ ಜೊತೆಗೆ ನಾನೂ ಒಬ್ಬ. ಬೇರೆಯವರನ್ನು ಬೈದುಕೊಂಡು ಕೂತರೆ ಈ ಬರಹದಿಂದ ಯಾರಿಗೂ ಉಪಯೋಗವಿಲ್ಲ, ಹಾಗಾಗಿ ನನ್ನ ದಡ್ಡತನವನ್ನೂ ಬಿಡದೆ ಬರೆಯುತ್ತೇನೆ.

ನಾನು ಮುನಿರಾಜು. ಬ್ಯಾಟರಾಯನಪುರದಲ್ಲೇ ಹುಟ್ಟಿ ಬೆಳೆದವನು, ವಯಸ್ಸು ಐವತ್ತೊಂದು. ಸಹಕಾರನಗರದಲ್ಲಿ ಅನ್ವರ್ ಭಾಯ್ ನಡೆಸುವ ಡ್ರೈವಿಂಗ್ ಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ಕಾರು ಕಲಿಸುತ್ತಿದ್ದೇನೆ. ಕಲಿಸುವವನು ಕೂರುವುದು ಎಡಗಡೆ. ಅಲ್ಲಿ ಸ್ಟಿಯರಿಂಗ್ ಇರುವುದಿಲ್ಲ. ಕಾಲ ಬುಡದಲ್ಲಿ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ, ಅಷ್ಟೆ. ಬಾಯಿ ಎಷ್ಟು ಬೇಕಾದರೂ ಮಾತಾಡಲಿ, ನಮ್ಮ ಕೆಲಸ ಇರುವುದು ಆ ಬ್ರೇಕಿನಲ್ಲಿ. ಕಲಿಯುವವರು ಗಾಬರಿಯಾಗಿ ಆಕ್ಸಿಲರೇಟರ್ ತುಳಿದಾಗ, ಅವರಿಗೆ ತಪ್ಪು ಗೊತ್ತಾಗುವ ಮೊದಲೇ ನಮ್ಮ ಬಲಗಾಲು ಇಳಿದಿರಬೇಕು. ಇಳಿಯದಿದ್ದರೆ ನಾವು ಬರೀ ಪಕ್ಕದ ಸೀಟಿನ ಪ್ಯಾಸೆಂಜರ್.

ನನಗೆ ಬೈಯುವ ಮೇಷ್ಟ್ರು ಎಂದೇ ಹೆಸರು. ಅದೇನು ಬೇಕೆಂದು ಮಾಡುವುದಲ್ಲ. ಕನ್ನಡಿ ನೋಡಿ ಅಂದರೆ ಮುಖ ನೋಡಿಕೊಳ್ಳುತ್ತಾರೆ, ನ್ಯೂಟ್ರಲ್‌ಗೆ ಹಾಕಿದ್ರಾ ಅಂದರೆ ಮೂರನೇ ಗೇರಿನಲ್ಲಿಟ್ಟುಕೊಂಡು ಹೂಂ ಸರ್ ಅನ್ನುತ್ತಾರೆ. ಮೈ ಉರಿಯದೆ ಇನ್ನೇನಾಗುತ್ತದೆ? ಆದರೆ ಮೂರು ವರ್ಷದ ಹಿಂದೆ ನನ್ನ ಬೈಗುಳ ಕಡಿಮೆಯಾಗತೊಡಗಿತು. ಗಂಟಲು ಕಟ್ಟಿದ ಹಾಗಿರುತ್ತಿತ್ತು, ಮಾತು ನಿಧಾನವಾಯಿತು. ಕಾರು ಸಿಗ್ನಲ್ಲಿನಲ್ಲಿ ಆಫ್ ಆಗಿ ಹಿಂದಿನವರೆಲ್ಲ ಹಾರ್ನ್ ಹೊಡೆದರೂ "ಇರ್ಲಿ ಬಿಡಿ, ಇನ್ನೊಂದ್ಸಲ ಸ್ಟಾರ್ಟ್ ಮಾಡಿ" ಅನ್ನುತ್ತಿದ್ದೆ. ಮೇಷ್ಟ್ರು ಒಳ್ಳೆಯವರಾದರು ಎಂದು ಎಲ್ಲರೂ ಖುಷಿಪಟ್ಟರು. ನನ್ನ ಕಾಯಿಲೆ ಮೊದಲು ಕಾಣಿಸಿಕೊಂಡಿದ್ದು ಒಳ್ಳೆಯ ನಡತೆಯ ರೂಪದಲ್ಲಿ.

ಗುರುತಿಸಿದವಳು ನನ್ನ ಹೆಂಡತಿ ಪದ್ಮ. ಅವಳು ಚಿಕ್ಕಜಾಲದ ಕಡೆಯ ಹಳ್ಳಿಯವಳು, ಮಾತು ಇವತ್ತಿಗೂ ಅಲ್ಲಿನದೇ. "ಏನ್ರೀ ಇಂಗಾಗ್ಬಿಟ್ರಿ? ಸಾರಲ್ಲಿ ಉಪ್ಪಿಲ್ದಿದ್ರೂ ಸುಮ್ನೆ ಉಂಡ್ಕೊಂಡ್ ಏಳ್ತೀರಾ. ಮುಖ ನೋಡಿದ್ರೆ ಊದ್ಕೊಂಡೈತೆ. ಆಸ್ಪತ್ರೆಗ್ ಓಗ್ಬನ್ನಿ," ಅಂದಳು. ಏಪ್ರಿಲ್ ಬಿಸಿಲಿನಲ್ಲಿ ನಾನು ಸ್ವೆಟರ್ ಹುಡುಕುತ್ತಿದ್ದೆ. ಮಧ್ಯಾಹ್ನ ಎರಡು ಪಾಠದ ನಡುವೆ ಸಿಗುವ ಹದಿನೈದು ನಿಮಿಷದಲ್ಲಿ ಕಾರಿನಲ್ಲೇ ನಿದ್ದೆ ಹೋಗುತ್ತಿದ್ದೆ. ಎದ್ದರೆ ನಿದ್ದೆ ಮಾಡಿದವನ ಹಾಗೆ ಇರುತ್ತಿರಲಿಲ್ಲ, ಯಾರೋ ಹೊಡೆದು ಕೆಡವಿದ ಹಾಗೆ ಇರುತ್ತಿತ್ತು.

ಹೆಬ್ಬಾಳದ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಕಾಯುವ ಕೋಣೆಯ ತುಂಬ ಹೆಂಗಸರು. ನಾನೊಬ್ಬನೇ ಗಂಡಸು ಅಂದುಕೊಂಡರೆ ತಪ್ಪು, ಇನ್ನೂ ನಾಲ್ಕು ಜನ ಗಂಡಸರಿದ್ದರು, ಆದರೆ ಅವರೆಲ್ಲ ಹೆಂಡತಿಯ ಬ್ಯಾಗು ಹಿಡಿದುಕೊಂಡು ಕೂತಿದ್ದರು. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ ನನ್ನ ಹಿಂದೆ ಇಣುಕಿ ನೋಡಿ, "ಪೇಷಂಟ್ ಎಲ್ಲಿ ಸರ್, ಮೇಡಂ ಬಂದಿಲ್ವಾ?" ಅಂದಳು. ನಾನೇ ಪೇಷಂಟು ಅಂದೆ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕುರ್ಚಿಯಲ್ಲಿ ಸ್ವಲ್ಪ ಜರುಗಿ ಜಾಗ ಬಿಟ್ಟರು. ಆವತ್ತು ಅಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ಡಾಕ್ಟರು ನಲವತ್ತರ ಆಸುಪಾಸಿನ ಹೆಣ್ಣುಮಗಳು. ಕಡಿಮೆ ಮಾತು. ರಕ್ತ ಪರೀಕ್ಷೆಯ ಕಾಗದ ನೋಡಿ, ನಿಮ್ಮ ಥೈರಾಯ್ಡ್ ಗ್ರಂಥಿ ಕೆಲಸ ಕಡಿಮೆ ಮಾಡಿದೆ, ಈ ಮಾತ್ರೆಯನ್ನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಳ್ಳಿ, ಒಂದು ಗಂಟೆ ಏನೂ ತಿನ್ನಬೇಡಿ ಎಂದರು. "ಬೇರೆ ಮಾತ್ರೆ, ಔಷಧಿ ಏನಾದ್ರೂ ತಗೋತಿದೀರಾ?" ಎಂದು ಕೇಳಿದರು. ಬಿಪಿ ಇಲ್ಲ, ಶುಗರ್ ಇಲ್ಲ. ಏನೂ ಇಲ್ಲ ಡಾಕ್ಟ್ರೇ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಆವತ್ತು ಅದು ನಿಜವೂ ಆಗಿತ್ತು.

ಒಂದು ತಿಂಗಳು ಆ ಮಾತ್ರೆ ನುಂಗಿದೆ. ಸ್ವಲ್ಪ ಹಗುರಾಯಿತು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆಗುತ್ತಿತ್ತು. ನಾನು ಪಾಠದ ಮಧ್ಯೆ ವಸುಧಾ ಮೇಡಂಗೆ ಹೇಳಿಬಿಟ್ಟೆ.

ವಸುಧಾ ಮೇಡಂ ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ರಿಟೈರ್ ಆದವರು. ಅರವತ್ತರ ಮೇಲೆ ಕಾರು ಕಲಿಯುವ ಹಟ. ನಮ್ಮ ಸ್ಕೂಲಿಗೆ ಬೆಳಗಿನ ಬ್ಯಾಚಿಗೆ ಬರುವವರಲ್ಲಿ ಹೆಚ್ಚಿನವರು ನಲವತ್ತು, ಐವತ್ತು ದಾಟಿದ ಹೆಂಗಸರು, ಅವರಲ್ಲಿ ಮೂವರನ್ನು ಮಾತಾಡಿಸಿದರೆ ಒಬ್ಬರಿಗಾದರೂ ಥೈರಾಯ್ಡ್ ಇರುತ್ತದೆ ಎಂದು ನನಗೆ ಗೊತ್ತಾದದ್ದು ಆಮೇಲೆ. "ಅಯ್ಯೋ, ನಂಗೂ ಇದೆ ಕಣ್ರೀ ಮುನಿರಾಜು, ಹದಿನೆಂಟು ವರ್ಷದಿಂದ," ಎಂದು ಅವರು ಸ್ಟಿಯರಿಂಗಿನಿಂದ ಒಂದು ಕೈ ತೆಗೆದು ನನ್ನ ಕಡೆ ತಿರುಗಿದರು. ಮುಂದೆ ನೋಡಿ ಮೇಡಂ ಅಂದೆ. ಮುಂದೆ ನೋಡುತ್ತಲೇ ಅವರು ಸೆಲೆನಿಯಂ ಬಗ್ಗೆ ಹೇಳಿದರು. ಮಾರನೆಯ ದಿನ ಡಬ್ಬಿಯನ್ನೇ ತಂದುಕೊಟ್ಟರು. "ಖಾಲಿ ಹೊಟ್ಟೆಗೆ ತಗೊಳಿ, ಚೆನ್ನಾಗಿ ಹಿಡಿಯುತ್ತೆ."

ಸುದ್ದಿ ಬೆಳಗಿನ ಬ್ಯಾಚಿನಿಂದ ಸಂಜೆಯ ಬ್ಯಾಚಿಗೆ ಹೋಯಿತು. ಒಬ್ಬರು ಮಲ್ಟಿವಿಟಮಿನ್ ಅಂದರು. ಇನ್ನೊಬ್ಬರು, ಥೈರಾಯ್ಡಿಗೆ ಅಯೋಡಿನ್ ಬೇಕು, ಉಪ್ಪಲ್ಲಿರೋದು ಸಾಲಲ್ಲ ಸರ್, ಎಂದು ಸಮುದ್ರದ ಪಾಚಿಯಿಂದ ಮಾಡಿದ ಕ್ಯಾಪ್ಸೂಲು ತರಿಸಿಕೊಟ್ಟರು. ಮೀನಿನ ಬುಟ್ಟಿ ತೆರೆದ ವಾಸನೆ ಅದಕ್ಕೆ. ನಮ್ಮ ಬೀದಿಯ ಮೆಡಿಕಲ್ ಸ್ಟೋರಿನವನು ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, "ಅಣ್ಣಾ, ರಕ್ತ ಕಮ್ಮಿ ಐತೆ, ಐರನ್ ತಗೋ," ಎಂದ. ಅವನು ಓದಿರುವುದು ಬಿಕಾಂ. ಮಂಡಿ ನೋವು ಎಂದು ಒಂದು ಸಲ ಗೊಣಗಿದ್ದಕ್ಕೆ ಪದ್ಮ ಕ್ಯಾಲ್ಸಿಯಂ ತಂದಳು. ಅನ್ವರ್ ಭಾಯ್ ಮನೆಯಿಂದ ಸೋಯಾ ಪುಡಿ ಬಂತು, ಹಾಲಿಗೆ ಕಲಸಿ ಕುಡಿಯಲು. ಕೊನೆಗೆ, ಎರಡನೇ ರಕ್ತ ಪರೀಕ್ಷೆಯೂ ಮುಗಿದ ಮೇಲೆ, ಬಾಚಣಿಗೆಯಲ್ಲಿ ಕೂದಲು ಬರುತ್ತಿದೆ ಎಂದು ವಸುಧಾ ಮೇಡಮ್ಮೇ ಬಯೋಟಿನ್ ಕೊಟ್ಟರು, ಕಿತ್ತಳೆ ಪೆಪ್ಪರಮೆಂಟಿನ ರುಚಿಯದು. ಒಟ್ಟು ಏಳು ಆಯಿತು.

ಏಳಕ್ಕೂ ಒಂದೇ ಮಾತು, ಖಾಲಿ ಹೊಟ್ಟೆಗೆ. ಇರುವುದೊಂದು ಹೊಟ್ಟೆ, ಅದು ಖಾಲಿ ಇರುವುದು ಬೆಳಿಗ್ಗೆ ಒಂದೇ ಹೊತ್ತು. ನಮ್ಮ ಬಡಾವಣೆಯಲ್ಲಿ ಖಾಲಿ ಸೈಟು ಕಂಡರೆ ಎಲ್ಲರೂ ಬಂದು ಬೇಲಿ ಹಾಕುವ ಹಾಗೆ ನನ್ನ ಖಾಲಿ ಹೊಟ್ಟೆಯ ಮೇಲೆ ಎಲ್ಲರ ಕಣ್ಣು ಬಿತ್ತು. ಆರು ಗಂಟೆಗೆ ಮೊದಲ ಪಾಠ. ಐದೂವರೆಗೆ ಎದ್ದು, ಡಾಕ್ಟರ ಮಾತ್ರೆ, ಈ ಆರು ಗುಳಿಗೆ ಎಲ್ಲವನ್ನೂ ಅಂಗೈಯಲ್ಲಿ ಗುಡ್ಡೆ ಹಾಕಿಕೊಂಡು, ಸೋಯಾ ಹಾಲಿನಲ್ಲಿ ಒಂದೇ ಸಲಕ್ಕೆ ಇಳಿಸುತ್ತಿದ್ದೆ. ಕೆಲಸ ಮುಗಿಯಿತಲ್ಲ ಎಂದು ನೆಮ್ಮದಿಯಾಗುತ್ತಿತ್ತು. ಆಮೇಲೆ ಒಂದು ಗಂಟೆ ಏನೂ ತಿನ್ನುತ್ತಿರಲಿಲ್ಲ, ಡಾಕ್ಟರು ಹೇಳಿದ್ದರಲ್ಲ.

ಎರಡನೇ ಸಲ ರಕ್ತದ ರಿಪೋರ್ಟ್ ತೋರಿಸಿದಾಗ ಮೊದಲಿಗಿಂತ ಕೆಟ್ಟಿತ್ತು. ಡಾಕ್ಟರು ಹುಬ್ಬು ಗಂಟಿಕ್ಕಿದರು. "ಮಾತ್ರೆ ತಪ್ಪಿಸ್ತಿದೀರಾ?"

"ಇಲ್ಲ ಡಾಕ್ಟ್ರೇ. ಒಂದು ದಿನಾನೂ ತಪ್ಪಿಸಿಲ್ಲ."

"ಖಾಲಿ ಹೊಟ್ಟೇಲೇ ತಾನೆ? ಏನೂ ತಿಂದಿರಲ್ವಲ್ಲ?"

"ಏನೂ ತಿಂದಿರಲ್ಲ."

"ಬೇರೆ ಮಾತ್ರೆ ಯಾವುದಾದ್ರೂ ಶುರುವಾಗಿದ್ಯಾ?"

"ಇಲ್ಲ."

ನೀವು ನಂಬುತ್ತೀರೋ ಬಿಡುತ್ತೀರೋ, ನಾನು ಸುಳ್ಳು ಹೇಳಲಿಲ್ಲ. ಮಾತ್ರೆ ಅಂದರೆ ಕಾಯಿಲೆಗೆ ಕೊಡುವುದು. ಜ್ವರಕ್ಕೆ ಮಾತ್ರೆ, ಬಿಪಿಗೆ ಮಾತ್ರೆ. ಇವು ಶಕ್ತಿಗೆ. ನಮ್ಮ ಮನೆಯಲ್ಲಿ ಯಾವತ್ತೂ ಶಕ್ತಿಗೆ ಕೊಡುವುದನ್ನು ಯಾರೂ ಮಾತ್ರೆ ಅಂದಿಲ್ಲ. ಬಾಣಂತಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಶಕ್ತಿಗೆ ಅಂತ ಟಾನಿಕ್ ಕೊಡುವುದಿಲ್ಲವೇ? ಅದನ್ನು ಡಾಕ್ಟರ ಹತ್ತಿರ ಹೋಗಿ ವರದಿ ಒಪ್ಪಿಸುತ್ತಾರೆಯೇ? ಹಾಲು ಕುಡಿಯುತ್ತೀನಿ ಅಂತಲೂ ಹೇಳಲಿಲ್ಲ. ಅವರು ತಿಂದಿರಾ ಎಂದು ಕೇಳಿದರು, ನಾನು ತಿಂದಿರಲಿಲ್ಲ. ಡಾಕ್ಟರು ಡೋಸು ಜಾಸ್ತಿ ಮಾಡಿ ಕಳಿಸಿದರು.

ಮೂರನೇ ಸಲ ಹೋದಾಗ ಇನ್ನೊಂದು ವಿಚಿತ್ರವಾಯಿತು. ಅಷ್ಟೊತ್ತಿಗೆ ಮೆಟ್ಟಿಲು ಹತ್ತಲು ಕಷ್ಟವಾಗುತ್ತಿತ್ತು, ಪಾಠದಲ್ಲಿ ಎಡಕ್ಕೆ ತಿರುಗಿಸಿ ಅನ್ನುವ ಜಾಗದಲ್ಲಿ ಬಲಕ್ಕೆ ಅನ್ನುತ್ತಿದ್ದೆ. ಕಾಗದ ಮಾತ್ರ ಎಲ್ಲ ಸರಿಯಾಗಿದೆ ಎಂದಿತು. ಡಾಕ್ಟರು ಕಾಗದ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಕಾಗದ ನೋಡಿದರು. "ರಿಪೋರ್ಟ್ ಚೆನ್ನಾಗಿದೆಯಲ್ಲ. ನಿದ್ದೆ ಸರಿ ಬರುತ್ತಾ? ಟೆನ್ಷನ್ ಏನಾದ್ರೂ ಇದ್ಯಾ?" ಎಂದರು. ಕಾಯಿಲೆ ಸರಿಹೋಗಿದೆ, ಹಾಗಾದರೆ ಇದು ವಯಸ್ಸು ಎಂದು ನಾನೇ ತೀರ್ಮಾನ ಮಾಡಿಕೊಂಡು ಬಂದೆ. ಐವತ್ತೊಂದಕ್ಕೇ ಮುಗಿಯಿತೇ ಎಂದು ಅನ್ನಿಸಿತು. ಅದನ್ನು ಪದ್ಮಳಿಗೆ ಹೇಳಲಿಲ್ಲ. ಹೇಳಿದ್ದರೆ ಎಂಟನೆಯದೊಂದು ಡಬ್ಬಿ ಬರುತ್ತಿತ್ತು.

ಆದದ್ದು ಅದೇ ವಾರ. ಬೆಳಿಗ್ಗೆ ಆರೂಕಾಲು ಇರಬೇಕು. ವಸುಧಾ ಮೇಡಂ ಓಡಿಸುತ್ತಿದ್ದರು. ಕೊಡಿಗೇಹಳ್ಳಿ ಕಡೆಯ ಒಂದು ಕ್ರಾಸಿನಲ್ಲಿ ಎಡಕ್ಕೆ ತಿರುಗಿಸಿದೆವು. ಬೀದಿಯಲ್ಲಿ ಮೂರನೇ ಮನೆಯ ಮುಂದೆ ಒಬ್ಬ ಹೆಂಗಸು ಬಗ್ಗಿಕೊಂಡು ರಂಗೋಲಿ ಹಾಕುತ್ತಿದ್ದರು. ಅವರ ಬೆನ್ನು ನಮ್ಮ ಕಡೆಗಿತ್ತು. ನಾನು ಅವರನ್ನು ನೋಡಿದೆ. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲವೂ ಚೆನ್ನಾಗಿಯೇ ನೋಡಿದ್ದೇನೆ. ಮೇಡಂ ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದದ್ದೂ ಗೊತ್ತಾಯಿತು. ಬ್ರೇಕ್ ಹಾಕಬೇಕು ಎಂದುಕೊಂಡೆ. ಅಂದುಕೊಂಡದ್ದು ಕಾಲಿಗೆ ತಲುಪಲಿಲ್ಲ. ಕಾಲು ಅಲ್ಲೇ ಇತ್ತು, ನನ್ನದೇ ಕಾಲು, ಏಳಲಿಲ್ಲ.

ಇಂಜಿನ್ ಸದ್ದಿಗೆ ಆ ಹೆಂಗಸು ತಿರುಗಿ ನೋಡಿ ಹಿಂದಕ್ಕೆ ಬಿದ್ದರು. ಆಗ ಕಾಲು ಇಳಿಯಿತು. ಕಾರು ನಿಂತಾಗ ಮುಂದಿನ ಚಕ್ರ ರಂಗೋಲಿಯ ಮೇಲಿತ್ತು. ನಾನು ಬಾಗಿಲು ತೆಗೆದು ಓಡಿದೆ. ಅವರ ಮೊಣಕೈ ತರಚಿತ್ತು, ಅಷ್ಟೆ, ಪುಣ್ಯಕ್ಕೆ. ಕೈ ಹಿಡಿದು ಎಬ್ಬಿಸಿದೆ. ಆಕೆ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈಯಲ್ಲಿ ರಂಗೋಲಿ ಪುಡಿಯ ಬಟ್ಟಲು ಹಾಗೇ ಹಿಡಿದುಕೊಂಡು, "ನಂಗೆ ಏನೂ ಆಗಿಲ್ಲ, ನಂಗೆ ಏನೂ ಆಗಿಲ್ಲ," ಎಂದು ನನಗೇ ಸಮಾಧಾನ ಹೇಳಿದರು. ವಸುಧಾ ಮೇಡಂ ಕಾರಿನೊಳಗೆ ಅಳುತ್ತಿದ್ದರು, ತಪ್ಪು ತಮ್ಮದು ಎಂದು. ಅಲ್ಲ, ಕಲಿಯುವವರು ತಪ್ಪು ಮಾಡಲೆಂದೇ ಪಕ್ಕದಲ್ಲಿ ನಾವು ಕೂರುವುದು. ತಪ್ಪು ನನ್ನದು.

ಅನ್ವರ್ ಭಾಯ್ ಕೂಗಾಡುವ ಮನುಷ್ಯನಲ್ಲ. ಅರವತ್ತೈದು ವಯಸ್ಸು, ಬಿಳಿ ಗಡ್ಡ, ಇಪ್ಪತ್ತೊಂದು ವರ್ಷದಲ್ಲಿ ನನಗೆ ಒಂದು ಸಲವೂ ಏಕವಚನ ಬಳಸಿದವರಲ್ಲ. ಎಲ್ಲ ಕೇಳಿಸಿಕೊಂಡು, ಆ ಹೆಂಗಸಿನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದು, ನನ್ನನ್ನು ಕೂರಿಸಿಕೊಂಡರು. "ದೇಖೋ ಮುನಿರಾಜು ಭಾಯ್, ಸ್ವಲ್ಪ ದಿನ ನೀವು ಆಫೀಸ್ ನೋಡ್ಕೊಳ್ಳಿ. ಕಾರ್ ಬೇಡ."

"ಎಷ್ಟ್ ದಿನ?"

"ಕಾಲು ಬರೋ ತನಕ," ಅಂದರು.

ಮತ್ತಿಕೆರೆಯಿಂದ ಬೇರೊಬ್ಬ ಮೇಷ್ಟ್ರನ್ನು ಕರೆಸಿದರು. ನಾನು ಟೇಬಲ್ಲಿನ ಹಿಂದೆ ಕೂತು ಕಲಿಕೆ ಲೈಸೆನ್ಸಿನ ಎಲ್ಎಲ್ಆರ್ ಅರ್ಜಿಗಳನ್ನು ತುಂಬತೊಡಗಿದೆ. ಹೆಸರು, ತಂದೆಯ ಹೆಸರು, ರಕ್ತದ ಗುಂಪು. ಕಿಟಕಿಯಾಚೆ ನನ್ನ ಕಾರು ಹೋಗುತ್ತಿತ್ತು, ನನ್ನ ಸೀಟಿನಲ್ಲಿ ಇನ್ನೊಬ್ಬ. ಅವನು ಬೈಯುವುದೂ ಇಲ್ಲ, ಫೋನು ನೋಡುತ್ತ ಕೂತಿರುತ್ತಾನೆ, ಆದರೂ ಅವನ ಕಾಲು ಸಮಯಕ್ಕೆ ಇಳಿಯುತ್ತದೆ. ಇಷ್ಟು ವರ್ಷ ನನ್ನ ಅನುಭವ, ನನ್ನ ಕಣ್ಣು, ನನ್ನ ಬಾಯಿ ಎಂದೆಲ್ಲ ಮೆರೆದಿದ್ದೆ. ಅವೆಲ್ಲ ಇದ್ದವು, ಬೇಕಾಗಿದ್ದದ್ದು ಇರಲಿಲ್ಲ. ಹೇಳಲು ನಾಚಿಕೆಯಿಲ್ಲ, ಶೌಚಾಲಯದ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ.

ನೋಡಲು ಬಂದವರೆಲ್ಲ ಮತ್ತೆ ಸಲಹೆಯನ್ನೇ ತಂದರು. ಮೆಗ್ನೀಸಿಯಂ ತಗೊಳಿ ಅಂದರು. ಝಿಂಕ್ ತಗೊಳಿ ಅಂದರು. ಎಲೆಕೋಸು ಬಿಡಿ, ಹೂಕೋಸು ಬಿಡಿ, ಎಲ್ಲ ಬಿಡಿ. ವಾಟ್ಸಾಪಿನಲ್ಲಿ ದಿನಾ ಒಂದು ವಿಡಿಯೋ. ಒಂದು ದಿನ ರೋಸಿಹೋಗಿ ಪದ್ಮಳ ಮೇಲೆ ಹರಿಹಾಯ್ದೆ. "ನನ್ ಹೊಟ್ಟೆ ಏನ್ ಮೆಡಿಕಲ್ ಸ್ಟೋರಾ? ಸಾಕು, ಇನ್ ಏನೂ ತಗೊಳಲ್ಲ." ಅವಳು ಒಳಗೆ ಹೋದಳು. ಮಾರನೆಯ ಬೆಳಿಗ್ಗೆ ಏಳೂ ಎಂದಿನ ಹಾಗೆ ತಟ್ಟೆಯಲ್ಲಿದ್ದವು, ಅವಳ ಕಣ್ಣು ಕೆಂಪಗಿತ್ತು. ನುಂಗಿದೆ. ಜಗಳ ಮಾಡುವಷ್ಟು ತ್ರಾಣವೂ ಇರಲಿಲ್ಲ.

ಪದ್ಮಳ ಬಲವಂತಕ್ಕೆ ಇನ್ನೊಂದು ಸಲ ರಕ್ತ ಕೊಡಲು ಹೋದೆ. ಅವಳೂ ಜೊತೆಗೆ ಬಂದಳು. ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವ ಸಿಸ್ಟರ್ ನನ್ನ ವಯಸ್ಸಿನವರೇ, ದಪ್ಪ ಕನ್ನಡಕ, ಕೊರಳಿಗೆ ದಾರ ಕಟ್ಟಿದ ಪೆನ್ನು. ರಬ್ಬರ್ ಪಟ್ಟಿ ಬಿಗಿದು ನರ ಹುಡುಕಿದರು. ಸಿಗಲಿಲ್ಲ. ಇನ್ನೊಂದು ತೋಳು ನೋಡಿದರು.

"ಏನ್ ಸರ್, ಕೈ ಇಷ್ಟು ತಣ್ಣಗಿದೆ? ಮುಖಾನೂ ಊದಿದೆ. ಶಕ್ತಿಗೆ ಏನಾದ್ರೂ ತಗೋತಿದೀರೋ ಇಲ್ವೋ?"

ಮೂರು ವರ್ಷದಲ್ಲಿ ನನ್ನನ್ನು ಯಾರಾದರೂ ಸರಿಯಾದ ಕನ್ನಡದಲ್ಲಿ ಕೇಳಿದ್ದು ಅದೇ ಮೊದಲು. "ಅಯ್ಯೋ ಸಿಸ್ಟರ್, ಏನ್ ಕೇಳ್ತೀರಾ," ಎಂದು ಪದ್ಮ ಶುರು ಮಾಡಿದಳು. ಬೆರಳು ಮಡಿಚುತ್ತ ಏಳನ್ನೂ ಹೇಳಿದಳು. ಕ್ಯಾಲ್ಸಿಯಂ, ಐರನ್ನು, ಸೆಲೆನಿಯಂ, ಪಾಚಿ, ಮಲ್ಟಿವಿಟಮಿನ್ನು, ಸೋಯಾ, ಕೂದಲಿಂದು. "ಒಂದ್ ದಿನಾನೂ ತಪ್ಸಿಲ್ಲ, ಎಲ್ಲಾ ಬೆಳಗ್ಗೇನೇ, ಖಾಲಿ ಒಟ್ಟೆಗೆ, ಒಟ್ಟಿಗೇ ಕೊಡ್ತೀನಿ."

"ಥೈರಾಯ್ಡ್ ಮಾತ್ರೆ ಜೊತೇಲೇ?"

"ಊಂ, ಅದ್ರ ಜೊತೇಲೇ."

ಸಿಸ್ಟರ್ ಪಟ್ಟಿ ಬಿಚ್ಚಿದರು. ಸೂಜಿಯನ್ನು ಮತ್ತೆ ಟ್ರೇಯಲ್ಲಿಟ್ಟರು. "ಇವತ್ತು ರಕ್ತ ತೆಗೆಯಲ್ಲ. ಕೂತಿರಿ, ಮೇಡಂನ ಕರೀತೀನಿ," ಅಂದರು. ಪದ್ಮ ನನ್ನ ಮುಖ ನೋಡಿದಳು.

ಡಾಕ್ಟರು ಬಂದವರು ಕೂರಲೂ ಇಲ್ಲ. "ಮುನಿರಾಜು ಅವ್ರೇ, ನಾನು ಪ್ರತಿ ಸಲ ಕೇಳಿದೀನಿ. ಬರ್ದೂ ಇಟ್ಟಿದೀನಿ. ಬೇರೆ ಮಾತ್ರೆ ಇಲ್ಲ ಅಂದ್ರಿ."

"ಇಲ್ವಲ್ಲ ಡಾಕ್ಟ್ರೇ."

"ಹಾಗಾದ್ರೆ ಇವೇನು?"

"ಇವು ಶಕ್ತಿಗೆ."

ಅವರು ಹಣೆ ಹಿಡಿದುಕೊಂಡು ಅಲ್ಲೇ ಸಿಸ್ಟರ್ ಸ್ಟೂಲಿನ ಮೇಲೆ ಕೂತರು. ತಾಳ್ಮೆ ಕೆಟ್ಟ ಮನುಷ್ಯರ ಮುಖ ನನಗೆ ಚೆನ್ನಾಗಿ ಗೊತ್ತು, ದಿನಾ ಕಾರಿನ ಕನ್ನಡಿಯಲ್ಲಿ ನೋಡಿದವನು. ನ್ಯೂಟ್ರಲ್ಲಾ ಎಂದು ಕೇಳಿದ್ದಕ್ಕೆ ಹೂಂ ಅಂದವರ ಸಾಲಿನಲ್ಲಿ ನಾನೂ ಇದ್ದೆ. ಆಮೇಲೆ ಅವರು ಸಮಾಧಾನದಿಂದ ಹೇಳಿದರು. ಕ್ಯಾಲ್ಸಿಯಂ, ಐರನ್ ಎರಡೂ ಆ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಂಡು ಮೈಗೆ ಸೇರಲು ಬಿಡುವುದಿಲ್ಲವಂತೆ, ಹಾಲೂ ಸೋಯಾವೂ ಅದಕ್ಕೆ ಜೊತೆ. ಕೂದಲಿನದು ಇನ್ನೂ ಘಾಟಿ. ಅದು ರಕ್ತ ಪರೀಕ್ಷೆಯನ್ನೇ ದಾರಿ ತಪ್ಪಿಸಿ, ಸರಿಯಿಲ್ಲದ್ದನ್ನು ಸರಿಯಿದೆ ಎಂದು ತೋರಿಸಬಲ್ಲದು. "ಅಂದ್ರೆ ನೀವು ಇಷ್ಟು ದಿನ ತಗೊಂಡ ಥೈರಾಯ್ಡ್ ಮಾತ್ರೆ ಸುಮಾರು ಮಟ್ಟಿಗೆ ನೀರುಪಾಲು," ಎಂದರು.

ಸಂಜೆ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ತುಂಬಿಕೊಂಡು ಬರಲು ಹೇಳಿದರು. ಒಂದೊಂದೇ ಎತ್ತಿ ಓದಿದರು. ಪಾಚಿಯನ್ನು ಮೊದಲು ತೆಗೆದಿಟ್ಟರು, ಇದು ನಿಮ್ಮಂಥವರಿಗೆ ತೊಂದರೆಯನ್ನೇ ಹೆಚ್ಚಿಸಬಹುದು ಎಂದು. ಐರನ್ ಯಾರು ಹೇಳಿದರು ಎಂದು ಕೇಳಿದರು. ಮೆಡಿಕಲ್ ಸ್ಟೋರಿನವನು ಅಂದೆ. ರಕ್ತ ಕಡಿಮೆ ಇದೆಯೋ ಇಲ್ಲವೋ ಪರೀಕ್ಷೆ ಮಾಡಿ ನೋಡೋಣ, ಕಣ್ಣು ಎಳೆದಲ್ಲ ಎಂದರು. ಕೂದಲಿನದನ್ನು ನಿಲ್ಲಿಸಿ ಕೆಲವು ದಿನದ ಮೇಲೆ ಮಾಡಿದ ಪರೀಕ್ಷೆಯಲ್ಲಿ ನಿಜವಾಗಿ ಕಡಿಮೆ ಇದ್ದದ್ದು ವಿಟಮಿನ್ ಡಿ ಒಂದೇ. ಅದು ನಾನು ತೆಗೆದುಕೊಳ್ಳುತ್ತಿದ್ದ ಮಲ್ಟಿವಿಟಮಿನ್ನಿನಲ್ಲಿ ಹೆಸರಿಗೆ ಮಾತ್ರ ಇತ್ತು. ಇಷ್ಟೆಲ್ಲ ನುಂಗಿದ ಮೇಲೂ ಬೇಕಾದದ್ದು ಒಳಗೆ ಹೋಗಿರಲಿಲ್ಲ. ಅದನ್ನು ವಾರಕ್ಕೊಂದು, ಮಧ್ಯಾಹ್ನ ಊಟದ ಮೇಲೆ ಎಂದು ಬರೆದರು. ಉಳಿದವು ಸದ್ಯಕ್ಕೆ ಬೇಡ. ಮುಂದೆ ಯಾವತ್ತಾದರೂ ಕ್ಯಾಲ್ಸಿಯಂ ಬೇಕಾದರೆ ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ. ಎಲ್ಲ ಒಟ್ಟಿಗೆ ನಿಲ್ಲಿಸುವುದರಿಂದ ಈಗಿನ ಡೋಸು ಜಾಸ್ತಿಯಾಗಬಹುದು ಎಂದು ಅದನ್ನೂ ಇಳಿಸಿದರು. ಚೀಟಿ ಕೊಡುವಾಗ, "ಇನ್ಮೇಲೆ ಎಲ್ಲ ಪೇಷಂಟ್ಸ್‌ಗೂ ಶಕ್ತಿಗೆ ಏನ್ ತಗೋತೀರಾ ಅಂತಾನೇ ಕೇಳ್ತೀನಿ," ಅಂದರು. ಅವರ ದನಿಯಲ್ಲಿ ನನ್ನ ಮೇಲಿನ ಸಿಟ್ಟು ಇನ್ನೂ ಇತ್ತು, ಇರಬೇಕಾದದ್ದೇ.

ಡಬ್ಬಿ ತೋರಿಸಿದ ಸಂಜೆ ಆಟೋ ಇಳಿದ ಕೂಡಲೇ ಪದ್ಮ ಚೀಲ ಹಿಡಿದು ಮುಂದೆ ನಡೆದಳು. ಮನೆ ಬಾಗಿಲ ಬೀಗ ತೆಗೆಯುತ್ತ, ನನಗೆ ಬೆನ್ನು ಹಾಕಿಕೊಂಡೇ, "ನಿಮ್ ಮಂಡಿ ನೋಯ್ತದೆ, ಬ್ರೇಕ್ ತುಳಿಯಾಕ್ ಆಗ್ಬೇಕು ಅಂತ ತಂದಿದ್ದು. ನಾನೇ ನಿಮ್ ಕಾಲ್ ಕಿತ್ಕೊಂಡ್ನಾ?" ಅಂದಳು. ನನಗೆ ಸಮಾಧಾನ ಹೇಳುವ ಮಾತುಗಳು ಬರುವುದಿಲ್ಲ. "ನುಂಗಿದ್ದು ನಾನು. ನಿಂಗೇನ್ ಗೊತ್ತು? ಡಾಕ್ಟ್ರು ಕೇಳಿದ್ದೂ ನನ್ನನ್ನ, ಹೇಳ್ದೇ ಇದ್ದಿದ್ದೂ ನಾನು. ಸುಮ್ನೆ ಬಾಗ್ಲು ತೆಗಿ," ಅಂದೆ. ಅವಳು ಬಾಗಿಲು ತೆಗೆಯದೆ ಅಲ್ಲೇ ಅತ್ತಳು. ಮೇಲಿನ ಮನೆಯವರು ಇಳಿದು ಬರುವವರೆಗೂ ನಾವಿಬ್ಬರೂ ಮೆಟ್ಟಿಲ ಮೇಲೆ ಕೂತಿದ್ದೆವು.

ಕಾಯುವುದು ಆರೇಳು ವಾರ. ಬೆಳಿಗ್ಗೆ ಒಂದೇ ಮಾತ್ರೆ, ಒಂದು ಲೋಟ ನೀರು. ಮೊದಲ ಹದಿನೈದು ದಿನ ಏನೂ ಗೊತ್ತಾಗಲಿಲ್ಲ. ಕಾಲನ್ನು ನಾನೇ ಪರೀಕ್ಷೆ ಮಾಡುತ್ತಿದ್ದೆ. ಟೇಬಲ್ಲಿನ ಕೆಳಗೆ ಚಪ್ಪಲಿ ಇಟ್ಟುಕೊಂಡು, ಯಾರಾದರೂ ಬಾಗಿಲು ತಳ್ಳಿದ ಸದ್ದಿಗೆ ಅದನ್ನು ಒತ್ತುವುದು. ಎಷ್ಟು ಬೇಗ ಒತ್ತಿದೆ ಎಂದು ಹೇಳುವವರು ಯಾರು? ವಸುಧಾ ಮೇಡಂ ಬಂದು, ನನ್ನಿಂದ ಹೀಗಾಯಿತು ಎಂದು ಕೈ ಮುಗಿದರು. ಅವರೂ ತಮ್ಮ ಡಬ್ಬಿಗಳನ್ನೆಲ್ಲ ತಮ್ಮ ಡಾಕ್ಟರಿಗೆ ತೋರಿಸಿದರಂತೆ. ಅಲ್ಲಿ ತಿಂದ ಬೈಗುಳದ ಮುಂದೆ ನನ್ನದು ಏನೂ ಅಲ್ಲವಂತೆ.

ಐದನೇ ವಾರದ ಸುಮಾರಿಗೆ ಸ್ವೆಟರ್ ತೆಗೆದಿಟ್ಟೆ. ಗಂಟಲು ಬಿಟ್ಟುಕೊಂಡಿತು. ಒಂದು ಮಧ್ಯಾಹ್ನ, ಅರ್ಜಿಯಲ್ಲಿ ತನ್ನ ಹುಟ್ಟಿದ ದಿನವನ್ನೇ ತಪ್ಪಾಗಿ ಬರೆದ ಒಬ್ಬ ಕಾಲೇಜು ಹುಡುಗಿಗೆ, "ಹುಟ್ಟಿದ್ದು ಯಾವತ್ತು ಅಂತ ಗೊತ್ತಿಲ್ದೋರ್‌ಗೆ ಲೈಸೆನ್ಸ್ ಯಾಕಮ್ಮಾ?" ಎಂದು ಗದರಿದೆ. ಒಳಗಿನ ಕೋಣೆಯಿಂದ ಅನ್ವರ್ ಭಾಯ್ ತಲೆ ಹೊರಗೆ ಹಾಕಿ ನನ್ನನ್ನು ನೋಡಿ ಮತ್ತೆ ಒಳಗೆ ಹೋದರು. ಏಳನೇ ವಾರದ ಕಾಗದ ಸರಿಯಾಗಿತ್ತು, ಈ ಸಲ ನನ್ನ ಮುಖವೂ ಅದಕ್ಕೆ ತಾಳೆಯಾಗುತ್ತಿದೆ ಎಂದು ಡಾಕ್ಟರು ಹೇಳಿದರು. ಕಾರು ಕಲಿಸಬಹುದು ಎಂದೂ ಅಂದರು.

ಡಾಕ್ಟರು ಹೇಳಿದ್ದನ್ನು ಅನ್ವರ್ ಭಾಯ್‌ಗೆ ತಿಳಿಸಿದೆ. ಅವರು ಕಾಗದ ನೋಡಲೇ ಇಲ್ಲ. ಕೀ ತೆಗೆದುಕೊಂಡು ಎದ್ದರು. "ಚಲೋ. ಇವತ್ತು ನಾನು ಸ್ಟೂಡೆಂಟ್."

ಅವರು ಸ್ಟಿಯರಿಂಗಿಗೆ ಕೂತರು. ನಾನು ಎರಡೂವರೆ ತಿಂಗಳ ಮೇಲೆ ನನ್ನ ಸೀಟಿನಲ್ಲಿ ಕೂತೆ. ಮಧ್ಯಾಹ್ನದ ಹೊತ್ತು, ಪಾರ್ಕಿನ ಸುತ್ತಲಿನ ರಸ್ತೆ ಖಾಲಿ. ಅವರು ಚೆನ್ನಾಗಿಯೇ ಓಡಿಸಿದರು, ನನಗೆ ಕಲಿಸಿದವರೇ ಅವರು. ಎರಡು ಸುತ್ತು ಹಾಕಿದೆವು. ಅವರ ಸೊಸೆಗೆ ಗಂಡು ಮಗುವಾದ ಸುದ್ದಿ ಹೇಳುತ್ತಿದ್ದರು. ರಸ್ತೆಯ ತುದಿಯಲ್ಲಿ ಒಂದು ಕಸದ ಆಟೋ ಅಡ್ಡಲಾಗಿ ನಿಂತಿತ್ತು. ಮಗು ಯಾರ ಹಾಗಿದೆ ಎಂದು ನಾನು ಕೇಳಿದೆ. ಅವರು, ಮೂಗು ನಂದು ಭಾಯ್, ಎಂದರು. ವೇಗ ಇಳಿಯಲಿಲ್ಲ. ಆಟೋ ಹತ್ತಿರ ಬಂತು. ಅವರು ಮಗುವಿನ ಕೂದಲಿನ ಬಗ್ಗೆ ಹೇಳುತ್ತಲೇ ಇದ್ದರು.

ಕಾರು ನಿಂತಿತು. ಆಟೋಗೂ ನಮಗೂ ಎರಡು ಮಾರು ದೂರವಿತ್ತು. ನಿಲ್ಲಿಸಬೇಕು ಎಂದು ನಾನು ಅಂದುಕೊಂಡದ್ದು ನಿಂತ ಮೇಲೆ.

ಅವರ ಕಾಲ ಕಡೆ ನೋಡಿದೆ. ಎರಡೂ ಕಾಲನ್ನು ಹಿಂದಕ್ಕೆಳೆದು, ಸೀಟಿನ ಅಡಿಯಲ್ಲಿ ಒಂದರ ಮೇಲೊಂದು ಹಾಕಿಕೊಂಡಿದ್ದರು.

ನನಗೆ ಎಲ್ಲಿತ್ತೋ ಸಿಟ್ಟು. "ತಲೆ ಕೆಟ್ಟಿದ್ಯಾ ನಿಮ್ಗೆ? ಅರವತ್ತೈದು ವರ್ಷ ಆಯ್ತು, ಮೊಮ್ಮಗ ಹುಟ್ಟಿದಾನೆ, ಬುದ್ಧಿ ಬೇಡ್ವಾ? ಕಾಲು ಎಲ್ಲಿಡ್ಬೇಕು ಅಂತ ಗೊತ್ತಿಲ್ವಾ? ನಾನು ಹಾಕ್ದೇ ಇದ್ದಿದ್ರೆ ಏನ್ ಮಾಡ್ತಿದ್ರಿ?" ಕಸದ ಆಟೋದವನು ಇಳಿದು ಬಂದು ನೋಡುತ್ತ ನಿಂತ. ಇಪ್ಪತ್ತೊಂದು ವರ್ಷ ಮರ್ಯಾದೆ ಕೊಟ್ಟ ಮನುಷ್ಯನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಸ್ಟಿಯರಿಂಗ್ ಹಿಡಿದುಕೊಂಡು, ಹೊಸದಾಗಿ ಕಲಿಯಲು ಬಂದವರ ಹಾಗೆ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ, "ನಾಳೆ ಆರು ಗಂಟೆ ಬ್ಯಾಚ್ ನಿಮ್ದೇ," ಅಂದರು.

ಅವರು ಮತ್ತೆ ಸ್ಟಾರ್ಟ್ ಮಾಡಿದರು. ಕಾರು ಕದಲಲಿಲ್ಲ. "ಮುನಿರಾಜು ಭಾಯ್, ಕಾಲು ತೆಗೀರಿ," ಅಂದರು. ನೋಡಿದರೆ ನನ್ನ ಬಲಗಾಲು ಇನ್ನೂ ಬ್ರೇಕಿನ ಮೇಲಿತ್ತು. ಒಂದು ನಿಮಿಷ ಇರ್ಲಿ ಭಾಯ್, ಅಂದೆ.